ಒಸಾಕಾದ ಶಾಲೆಯ ಪಡಸಾಲೆಯಲ್ಲಿ

ಒಸಾಕಾ ಕೊಲ್ಲಿಯ ನೀರಿನಲ್ಲಿ ಮಣ್ಣು ತುಂಬಿ ನಿರ್ಮಿಸಿದ ನಡುಗಡ್ಡೆಯೊಂದರ ಮೇಲೆ ಕಾನ್ಸಾಯಿ ವಿಮಾನ ನಿಲ್ದಾಣವಿದೆ. 2024ರ ಮೇ ತಿಂಗಳಲ್ಲಿ ನಾನು ಅಲ್ಲಿಗೆ ಇಳಿದಾಗ ಚೆರಿ ಹೂಗಳ ಕಾಲ ಮುಗಿದಿತ್ತು. ‘ಒಂದು ತಿಂಗಳು ಮುಂಚೆ ಬರಬೇಕಿತ್ತು’ ಎಂದು ಅಳಿಯಂದಿರು ಪೇಚಾಡಿದರು. ಹೂ ನೋಡಲೆಂದು ನಾನು ಹೋಗಿರಲಿಲ್ಲ. ಅಲ್ಲಿ ನೆಲೆಸಿರುವ ಮಗಳ ಮನೆಯಲ್ಲಿ ಎರಡು ತಿಂಗಳಿದ್ದು, ಏಳನೆಯ ತರಗತಿಗೆ ಆಗತಾನೆ ಸೇರಿದ್ದ ಮೊಮ್ಮಗನಿಗೆ ಕನ್ನಡದ ಓದು ಬರಹಗಳನ್ನು ತಿದ್ದಿಸಿ ಬರುವುದು ನನ್ನ ಪ್ರಯಾಣದ ಉದ್ದೇಶವಾಗಿತ್ತು. ಅವನಿಗೆ ನಾನೆಷ್ಟು ಕಲಿಸಿದೆನೋ ಶಿವನೇ ಬಲ್ಲ. ಆದರೆ ಅವನ ಶಾಲೆಯಿಂದ ನಾನು ಕಲಿತು ಬಂದುದನ್ನು ಈ ಪತ್ರಿಕೆಯ ಓದುಗರೊಡನೆ ಹಂಚಿಕೊಳ್ಳುವುದು ನನ್ನ ಮೇಲಿರುವ ಒಂದು ಋಣವೆಂದು ಭಾವಿಸಿದ್ದೇನೆ.

ಜಪಾನಿನಲ್ಲಿ ಆರು ವರ್ಷಗಳ ಪ್ರಾಥಮಿಕ ಶಿಕ್ಷಣ, ಅದರ ಮೇಲೆ ಮೂರು ವರ್ಷಗಳ ಮಾಧ್ಯಮಿಕ ಶಿಕ್ಷಣ, ಹೀಗೆ ಒಂಬತ್ತು ವರ್ಷಗಳು ಕಡ್ಡಾಯವಾಗಿವೆ. ಎರಡನೆಯ ಮಹಾಯುದ್ಧದ ತರುವಾಯ 1947ರ ಶಾಲಾ ಶಿಕ್ಷಣ ಕಾಯಿದೆಯಿಂದ ಬಂದ ವ್ಯವಸ್ಥೆಯಿದು. ಹನ್ನೆರಡರಿಂದ ಹದಿನೈದು ವಯಸ್ಸಿನ ಮಕ್ಕಳು ಕಲಿಯುವ ಈ ಮಾಧ್ಯಮಿಕ ಶಾಲೆಗಳಲ್ಲಿಯೇ ನಡೆನುಡಿಯ ಕಟ್ಟಳೆಗಳು ಬಿಗಿಯಾಗಲಾರಂಭಿಸುತ್ತವೆ. ಪ್ರಾಥಮಿಕ ಶಾಲೆಗೆ ತೋಚಿದ ಬಟ್ಟೆ ತೊಟ್ಟು ಹೋಗುತ್ತಿದ್ದ ಮಗು ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಸಮವಸ್ತ್ರದೊಳಗೆ ಸೇರಿಕೊಂಡು, ಕೈಗೆ ಒಂದು ಚಿಕ್ಕ ಹೊತ್ತಗೆಯನ್ನು ಪಡೆಯುತ್ತದೆ. ವಿದ್ಯಾರ್ಥಿಯ ಭಾವಚಿತ್ರದೊಡನೆ ಶಾಲೆಯ ನಿಯಮಗಳೂ ಅದರಲ್ಲಿ ಅಚ್ಚಾಗಿರುತ್ತವೆ. ಮೊಮ್ಮಗ ಅದನ್ನು ಓದಿ ಅರ್ಥ ಹೇಳುತ್ತಾ ಹೋದ. ಕಾಲುಚೀಲದ ಬಣ್ಣ, ಹುಡುಗಿಯರ ಕೂದಲು ಹೆಗಲನ್ನು ಮುಟ್ಟಿದರೆ ಕಟ್ಟಬೇಕಾದ ಬಗೆ, ಕಟ್ಟುವ ದಾರದ ಬಣ್ಣ, ಹುಬ್ಬನ್ನು ತೀಡಬಾರದೆಂಬುದು, ಮೊಬೈಲ್ ತರಬಾರದೆಂಬುದು, ಮನೆಗೆ ಮರಳುವ ದಾರಿಯಲ್ಲಿ ಅಂಗಡಿಗೆ ಹೊಕ್ಕು ತಿನಿಸು ಕೊಳ್ಳಬಾರದೆಂಬುದು. ಆಭರಣ ಧರಿಸಬಾರದೆಂಬ ನಿಯಮ ಬಂದಾಗ ನಾನು ಅವನ ಕೊರಳಿನ ಕಡೆಗೆ ನೋಡಿದೆ. ಶಿವದಾರ ಅಂಗಿಯ ಒಳಗಿತ್ತು. ಪ್ರವೇಶದ ಸಮಯದಲ್ಲಿಯೇ ಮಗಳು ಶಾಲೆಗೆ ಹೋಗಿ ಇಷ್ಟಲಿಂಗವೆಂದರೇನೆಂಬುದನ್ನು ವಿವರಿಸಿ, ಒಂದು ಪತ್ರವನ್ನೂ ಬರೆದುಕೊಟ್ಟಿದ್ದಳಂತೆ. ಅವರು ಎರಡು ದಿನ ವಿಚಾರಿಸಿ ಒಪ್ಪಿದರಂತೆ. ಒಪ್ಪುವ ಮೊದಲು, ಆಟದ ಹೊತ್ತಿನಲ್ಲಿ ದಾರ ಸಿಕ್ಕಿಕೊಂಡು ಮಗುವಿಗೆ ನೋವಾಗದಂತೆ ಏನು ಮಾಡೋಣ ಎಂದು ಕೇಳಿದರೆಂಬುದು ನನಗೆ ಹಿಡಿಸಿತು.

ತಂದೆತಾಯಿಗಳು ಶಾಲೆಗೆ ಬಂದು ಪಾಠವನ್ನು ನೋಡಲು ಅಲ್ಲಿ ವರ್ಷದಲ್ಲಿ ಕೆಲವು ದಿನಗಳನ್ನು ಗೊತ್ತುಮಾಡಿರುತ್ತಾರೆ. ಅಂಥ ಒಂದು ದಿನ ಮಗಳೊಡನೆ ನಾನೂ ಹೊರಟೆ. ನಗರದ ಅಂಚಿನಲ್ಲಿರುವ ಸಾಧಾರಣವಾದೊಂದು ಪುರಸಭೆಯ ಶಾಲೆ. ಮೂರಂತಸ್ತಿನ ಬೂದು ಬಣ್ಣದ ಕಟ್ಟಡ, ಮುಂದೆ ಮಣ್ಣಿನ ದೊಡ್ಡ ಮೈದಾನ. ಬಾಗಿಲಿನ ಒಳಗೆ ಗೂಡುಗೂಡಾದ ಕಪಾಟುಗಳು. ಹೊರಗಿನ ಬೂಟುಗಳನ್ನು ಅಲ್ಲಿ ಬಿಟ್ಟು, ಒಳಗೆ ಮಾತ್ರ ಮೆಡುವ ಬಿಳಿಯ ಮೆತ್ತನೆಯ ಪಾದರಕ್ಷೆಗಳನ್ನು ಹಾಕಿಕೊಳ್ಳಬೇಕು. ಮಠದ ಹೊಸ್ತಿಲಲ್ಲಿ ಚಪ್ಪಲಿ ಕಳಚಿ ಬೆಳೆದ ನನಗೆ ಇದು ಪರಕೀಯವೆನಿಸಲಿಲ್ಲ. ಪಾಠದ ಆರಂಭಕ್ಕೆ ಸರದಿಯ ವಿದ್ಯಾರ್ಥಿಯೊಬ್ಬ ಎದ್ದು ಕೂಗುತ್ತಾನೆ, ಎಲ್ಲರೂ ಏಳುತ್ತಾರೆ, ಗುರುವಿಗೆ ಬಾಗುತ್ತಾರೆ, ಗುರುವೂ ಅವರಿಗೆ ಬಾಗುತ್ತಾನೆ. ಗಣಿತದ ಆ ಪಾಠ ನಮ್ಮ ಯಾವ ಒಳ್ಳೆಯ ಶಾಲೆಯ ಪಾಠಕ್ಕಿಂತಲೂ ಬೇರೆಯಾಗಿರಲಿಲ್ಲವಾದ್ದರಿಂದ ಅದನ್ನು ವರ್ಣಿಸುವುದಿಲ್ಲ.

ಮಧ್ಯಾಹ್ನ ಬಿಳಿಯ ಮೇಲಂಗಿ, ತಲೆಗೆ ಟೋಪಿ ತೊಟ್ಟ ಮಕ್ಕಳೇ ತಮ್ಮ ಸಹಪಾಠಿಗಳಿಗೆ ಬಡಿಸಿದರು. ನಮ್ಮವನದು ಮನೆಯ ಬುತ್ತಿ. ಊಟವಾಗಿ ಸ್ವಲ್ಪ ಹೊತ್ತಿಗೆ ಗಂಟೆ ಬಾರಿಸಿತು, ಧ್ವನಿವರ್ಧಕದಲ್ಲಿ ಒಂದು ಸಂಗೀತ ಕೇಳಿಬಂತು. ಒಡನೆ ಇಡೀ ಶಾಲೆಯೇ ಕದಲಿದಂತಾಯಿತು. ಮೇಜುಗಳನ್ನೆಲ್ಲ ಕೋಣೆಯ ಹಿಂಬದಿಗೆ ಸರಿಸಿದರು. ಕೆಲವರು ಕಸಬರಿಗೆ ಹಿಡಿದರು, ಕೆಲವರು ಬಕೀಟಿನಲ್ಲಿ ನೀರು ತಂದು ಒರಸುವ ಅರಿವೆಗಳನ್ನು ಹಿಂಡಿದರು. ಪಡಸಾಲೆಯಲ್ಲಿ ಐದಾರು ಹುಡುಗರು ಸಾಲಾಗಿ ಬಗ್ಗಿ, ಎರಡೂ ಅಂಗೈಗಳನ್ನು ಅರಿವೆಯ ಮೇಲೆ ಊರಿ, ಕಪ್ಪೆಗಳಂತೆ ಮುಂದಕ್ಕೆ ಓಡಿದರು. ನಾನು ಗೋಡೆಗೆ ಒತ್ತಿ ನಿಂತೆ. ಎದುರಿನ ಕೋಣೆಯಲ್ಲಿ ಈಗತಾನೆ ಗಣಿತ ಬೋಧಿಸಿದ್ದ ಉಪಾಧ್ಯಾಯರು ಮೊಣಕಾಲೂರಿ ಕಪ್ಪುಹಲಗೆಯ ಕೆಳಗಿನ ಸುಣ್ಣದ ಪುಡಿಯನ್ನು ಒರಸುತ್ತಿದ್ದರು. ಕಿಟಕಿಯಿಂದ ಇಣುಕಿದರೆ ಮುಖ್ಯೋಪಾಧ್ಯಾಯರು ಗೇಟಿನ ಬಳಿ ಎಲೆಗಳನ್ನು ಗೋರುತ್ತಿದ್ದರು. ಅವರು ಉಸ್ತುವಾರಿಗೆಂದು ನಿಂತಿರಲಿಲ್ಲ, ನಿಜವಾಗಿಯೂ ಬೆನ್ನು ಬಗ್ಗಿಸಿ ಗೋರುತ್ತಿದ್ದರು.

ಜಪಾನಿನ ಶಾಲೆಗಳಲ್ಲಿ ಜವಾನರೇ ಇಲ್ಲವೆಂದು ನಮ್ಮಲ್ಲಿ ಕೆಲವರು ಭಾಷಣಗಳಲ್ಲಿ ಹೇಳುವುದುಂಟು. ಅದು ಸರಿಯಲ್ಲ. ರಿಪೇರಿ, ಗಿಡಮರ, ಭಾರದ ಕೆಲಸಗಳಿಗೆ ನೌಕರರು ಇರುತ್ತಾರೆ. ಆದರೆ ದಿನನಿತ್ಯದ ಕಸ ಮಕ್ಕಳದು. ತರಗತಿಯನ್ನು ಗುಂಪುಗಳಾಗಿ ವಿಂಗಡಿಸಿ ಸರದಿಯ ಮೇರೆಗೆ ಸ್ಥಳಗಳನ್ನು ಬದಲಿಸುತ್ತಾರೆ. ಕೆಲವು ಶಾಲೆಗಳಲ್ಲಿ ಈ ಕೆಲಸವನ್ನು ಪೂರ್ಣ ಮೌನದಲ್ಲಿ ಮಾಡುವ ಪದ್ಧತಿಯೂ ಇದೆ. ಜೆನ್ ಬೌದ್ಧ ವಿಹಾರಗಳಲ್ಲಿ ಧ್ಯಾನದಷ್ಟೇ ಮಹತ್ವವನ್ನು ದೇಹಶ್ರಮಕ್ಕೂ ಕೊಡುತ್ತಾರೆ. ಅದನ್ನು ಅವರು ಸಮು ಎಂದು ಕರೆಯುತ್ತಾರೆ. ಕಾಯಕವೆಂಬ ಮಾತು ಬಾಯಲ್ಲಿರುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಇವನ ಗುಂಪು ಎಲ್ಲಿ?’ ಎಂದು ಮಗಳನ್ನು ಕೇಳಿದೆ. ಅವಳು ಪಡಸಾಲೆಯ ತುದಿಯನ್ನು ತೋರಿಸಿದಳು. ಮೊಮ್ಮಗ ರಬ್ಬರಿನ ಕೈಗವಸು ತೊಟ್ಟು, ಇನ್ನಿಬ್ಬರೊಡನೆ ಶೌಚಾಲಯದ ನೆಲವನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದ. ಆ ಕ್ಷಣ ನನ್ನ ಮನಸ್ಸಿನಲ್ಲಿ ಎದ್ದ ಭಾವವನ್ನು ಮರೆಮಾಚುವುದಿಲ್ಲ. ಇಷ್ಟು ದೂರ ಬಂದು ನಮ್ಮ ಮನೆಯ ಮಗು ಇದನ್ನು ಮಾಡಬೇಕೇ ಎಂದು ಒಳಗೆ ಚುರುಕ್ಕೆಂದಿತು. ನಲವತ್ತು ವರ್ಷ ವಚನಗಳನ್ನು ಪಾಠ ಹೇಳಿದವನ ಮನಸ್ಸು ಅದು.

ಆಮೇಲೆ ಮುಖ್ಯೋಪಾಧ್ಯಾಯರು ನಮಗೆ ಹಸಿರು ಚಹಾ ಕೊಟ್ಟು ಕೂರಿಸಿದರು. ನಾನೂ ಮಾಸ್ತರನಾಗಿದ್ದವನೆಂದು ತಿಳಿದು ಅವರಿಗೆ ಹರ್ಷವಾಯಿತು. ಮಗಳ ಮುಖಾಂತರ ಒಂದು ಪ್ರಶ್ನೆ ಕೇಳಿದೆ: ‘ತಡವಾಗಿ ಬಂದ ವಿದ್ಯಾರ್ಥಿಗೆ ಹೆಚ್ಚಿನ ಕಸ ಗುಡಿಸುವ ಶಿಕ್ಷೆ ಕೊಡುತ್ತೀರಾ?’ ಅವರು ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ ತಿಳಿದುಕೊಂಡರು. ‘ಹಾಗೆ ಕೊಡುವ ಉಪಾಧ್ಯಾಯರು ನಮ್ಮ ದೇಶದಲ್ಲೂ ಇದ್ದಾರೆ. ನಾನು ಕೊಡಗೊಡುವುದಿಲ್ಲ. ಅದು ಒಬ್ಬನಿಗೆ ಶಿಕ್ಷೆಯಾದರೆ, ಉಳಿದವರಿಗೆ ನಾಳೆ ಅದೇ ಕೆಲಸವನ್ನು ನಾನು ಯಾವ ಬಾಯಿಂದ ಹೇಳಲಿ?’ ಎಂದರು. ಚಹಾ ಆರುತ್ತಿತ್ತು. ನಾನು ಮತ್ತೆ ಏನೂ ಕೇಳಲಿಲ್ಲ.

ಜಪಾನಿನ ಶಾಲೆಗಳನ್ನು ಬರಿದೆ ಹೊಗಳಿ ಬರೆದರೆ ಅದು ಅರ್ಧ ಸತ್ಯವಾಗುತ್ತದೆ. ಆ ದೇಶ ತನ್ನ ಕಟ್ಟಳೆಗಳಿಂದಾಗಿ ನೊಂದಿದೆ. ಮಾಧ್ಯಮಿಕ ಶಾಲೆಯ ಹುಡುಗರೆಲ್ಲರೂ ತಲೆಯನ್ನು ನುಣ್ಣಗೆ ಕತ್ತರಿಸಿಕೊಂಡಿರಬೇಕೆಂಬ ನಿಯಮ ಒಂದು ಕಾಲಕ್ಕೆ ಅಲ್ಲಿ ಅನೇಕ ಕಡೆ ಇತ್ತು. ಕುಮಾಮೊತೊ ಪ್ರಾಂತದ ಒಬ್ಬ ಹುಡುಗನ ಕಡೆಯವರು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 1985ರಲ್ಲಿ ಬಂದ ತೀರ್ಪು ನಿಯಮವನ್ನು ಕಾನೂನುಬಾಹಿರವೆನ್ನಲಿಲ್ಲ. ವಟುವಾಗಿ ಮಠದಲ್ಲಿದ್ದಾಗ ನಾನೂ ತಲೆ ಬೋಳಿಸಿಕೊಂಡವನೇ. ಆದರೆ ಅದು ನಮ್ಮ ಗುರುಗಳ ತಲೆಯಂತೆಯೇ ಇತ್ತೆಂಬ ಹೆಮ್ಮೆ ನಮಗಿತ್ತು. ಗುರು ಕ್ರಾಪು ಬಿಟ್ಟುಕೊಂಡು ಶಿಷ್ಯನ ತಲೆ ಬೋಳಿಸಿದರೆ ಆ ಹೆಮ್ಮೆ ಎಲ್ಲಿಂದ ಬರಬೇಕು?

ಒಸಾಕಾದ ನೆರೆಯ ಕೋಬೆ ನಗರದಲ್ಲಿ ನಡೆದುದು ಇನ್ನೂ ದಾರುಣ. 1990ರ ಜುಲೈ 6ರಂದು ಅಲ್ಲಿನ ಪ್ರೌಢಶಾಲೆಯೊಂದರಲ್ಲಿ ತಡವಾಗಿ ಬರುವವರನ್ನು ತಡೆಯಲೆಂದು ಗಂಟೆಗೆ ಸರಿಯಾಗಿ ಉಪಾಧ್ಯಾಯರೊಬ್ಬರು ಕಬ್ಬಿಣದ ಗೇಟನ್ನು ರಭಸದಿಂದ ಎಳೆದರು. ಸುಮಾರು 230 ಕಿಲೋಗ್ರಾಂ ತೂಕದ ಆ ಗೇಟಿಗೂ ಕಂಬಕ್ಕೂ ನಡುವೆ ಸಿಲುಕಿ ಹದಿನೈದು ವರ್ಷದ ಹುಡುಗಿಯೊಬ್ಬಳು ಸತ್ತಳು. ಇನ್ನೂ ಇತ್ತೀಚೆಗೆ, 2017ರಲ್ಲಿ, ಒಸಾಕಾ ಪ್ರಾಂತದ ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳು ಮೊಕದ್ದಮೆ ಹೂಡಿದಳು. ಹುಟ್ಟಿನಿಂದಲೇ ಕಂದು ಬಣ್ಣದ ತನ್ನ ಕೂದಲಿಗೆ ಕಪ್ಪು ಬಣ್ಣ ಹಚ್ಚಿಕೊಳ್ಳುವಂತೆ ಶಾಲೆ ಪದೇ ಪದೇ ಬಲವಂತ ಮಾಡಿತೆಂಬುದು ಅವಳ ದೂರು. ಅವಳು ಶಾಲೆಗೆ ಬರಲಾಗದೆ ಹೋದಾಗ ತರಗತಿಯಿಂದ ಅವಳ ಮೇಜನ್ನೇ ತೆಗೆದುಬಿಟ್ಟಿದ್ದರು. 2021ರಲ್ಲಿ ಒಸಾಕಾ ಜಿಲ್ಲಾ ನ್ಯಾಯಾಲಯ ಕೂದಲಿನ ನಿಯಮವನ್ನು ಎತ್ತಿಹಿಡಿದು, ಮೇಜನ್ನು ತೆಗೆದ ತಪ್ಪಿಗಾಗಿ 3,30,000 ಯೆನ್ ಪರಿಹಾರ ವಿಧಿಸಿತು. ಮುಂದಿನ ವರ್ಷ ಏಪ್ರಿಲಿನಿಂದ ತೋಕಿಯೋ ಪ್ರಾಂತವು ತನ್ನ ಪ್ರೌಢಶಾಲೆಗಳಲ್ಲಿ ಕೂದಲನ್ನು ಕಪ್ಪಗಾಗಿಸುವುದು, ಒಳಉಡುಪಿನ ಬಣ್ಣವನ್ನು ಗೊತ್ತುಪಡಿಸುವುದು ಮೊದಲಾದ ನಿಯಮಗಳನ್ನು ಕೈಬಿಟ್ಟಿತು. 2022ರ ಡಿಸೆಂಬರಿನಲ್ಲಿ ಪರಿಷ್ಕೃತವಾದ ಕೇಂದ್ರ ಶಿಕ್ಷಣ ಇಲಾಖೆಯ ಮಾರ್ಗದರ್ಶಿ, ಶಾಲೆಗಳು ತಮ್ಮ ನಿಯಮಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುವುದೂ ಅವುಗಳನ್ನು ತಿದ್ದುವಾಗ ಮಕ್ಕಳನ್ನೂ ಸೇರಿಸಿಕೊಳ್ಳುವುದೂ ಒಳ್ಳೆಯದೆಂದು ಹೇಳಿದೆ. ಇದೆಲ್ಲದರ ನಡುವೆ, 2023-24ರ ಶಾಲಾವರ್ಷದಲ್ಲಿ ದೀರ್ಘಕಾಲ ಶಾಲೆಗೆ ಹೋಗದೆ ಉಳಿದ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳ ಮಕ್ಕಳ ಸಂಖ್ಯೆ ಅಲ್ಲಿ 3,46,000ವನ್ನು ಮೀರಿತ್ತು. ಅವರೆಲ್ಲರೂ ನಿಯಮಗಳಿಗೆ ಹೆದರಿ ಉಳಿದವರೆಂದು ನಾನು ಹೇಳಲಾರೆ. ಆದರೆ ಫಳಫಳ ಹೊಳೆಯುವ ಆ ಪಡಸಾಲೆಯಲ್ಲಿ ಕೆಲವು ಮೇಜುಗಳು ಖಾಲಿಯಿದ್ದುದನ್ನು ಕಂಡಿದ್ದೆ.

ಒಂದು ಭಾನುವಾರ ಕ್ಯೋತೋ ನಗರಕ್ಕೆ ಹೋದೆವು. ಒಸಾಕಾದಿಂದ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ದೇವಾಲಯಗಳನ್ನು ನೋಡಲು ಹೋದವರ ನಡುವೆ ನಾನೊಬ್ಬ ಶಾಲೆಯ ವಸ್ತುಸಂಗ್ರಹಾಲಯವನ್ನು ನೋಡಬೇಕೆಂದು ಹಟ ಹಿಡಿದೆ. ಹಳೆಯ ಕಾಯಿಚಿ ಪ್ರಾಥಮಿಕ ಶಾಲೆಯ ಕಟ್ಟಡದಲ್ಲಿ 1998ರಲ್ಲಿ ಅದನ್ನು ತೆರೆದಿದ್ದಾರೆ. ರಾಜಧಾನಿ ತೋಕಿಯೋ ಕಡೆಗೆ ಹೋದಾಗ, ಇನ್ನು ನಮ್ಮ ಊರು ಹಾಳುಬೀಳುವುದೆಂದು ಹೆದರಿದ ಕ್ಯೋತೋದ ನಾಗರಿಕರು 1869ರಲ್ಲಿ ಒಂದೇ ವರ್ಷದೊಳಗೆ 64 ಪ್ರಾಥಮಿಕ ಶಾಲೆಗಳನ್ನು ಕಟ್ಟಿದರು. ದೇಶದ ಸರ್ಕಾರ ಶಾಲೆಗಳ ಶಾಸನವನ್ನು ತಂದದ್ದು ಅದಾದ ಮೂರು ವರ್ಷಗಳ ಮೇಲೆ. ಓಣಿಯಲ್ಲಿ ಒಲೆ ಉರಿಯುವ ಪ್ರತಿಯೊಂದು ಮನೆಯಿಂದಲೂ ಒಲೆಯ ಹಣವೆಂದು ವಂತಿಗೆ ಎತ್ತಿದರು, ಮನೆಯಲ್ಲಿ ಮಕ್ಕಳಿರಲಿ ಇಲ್ಲದಿರಲಿ. ನಮ್ಮ ಪ್ರಸಾದನಿಲಯಕ್ಕೆ ಸುಗ್ಗಿಯಲ್ಲಿ ಹಳ್ಳಿಹಳ್ಳಿಯಿಂದ ಜೋಳದ ಚೀಲಗಳು ಬಂದಿಳಿಯುತ್ತಿದ್ದುದು ನನಗೆ ನೆನಪಾಯಿತು. ಆ ಶಾಲೆಗಳು ಓಣಿಯವರ ಸಭೆಗಳಿಗೂ, ಬೆಂಕಿ ಬಿದ್ದರೆ ನೋಡುವ ಗೋಪುರಕ್ಕೂ ನೆಲೆಯಾಗಿದ್ದವು. ಮಕ್ಕಳಿಗೆ ಅದು ತಮ್ಮದೇ ಮನೆಯ ಒಲೆಯಿಂದ ಎದ್ದ ಕಟ್ಟಡ.

ಸೌದೆಯ ಹೊರೆ ಹೊತ್ತು, ನಡೆಯುತ್ತಲೇ ಪುಸ್ತಕ ಓದುವ ಬಾಲಕನ ಮೂರ್ತಿಯನ್ನು ಜಪಾನಿನ ಹಳೆಯ ಶಾಲೆಗಳಲ್ಲಿ ಇಂದಿಗೂ ಕಾಣಬಹುದು. ಅವನು ನಿನೊಮಿಯಾ ಸೊಂತೊಕು (1787-1856), ಚಿಕ್ಕಂದಿನಲ್ಲೇ ತಂದೆತಾಯಿಗಳನ್ನು ಕಳೆದುಕೊಂಡ ರೈತನ ಮಗ, ಮುಂದೆ ಪಾಳುಬಿದ್ದ ಹಳ್ಳಿಗಳನ್ನು ಎತ್ತಿ ನಿಲ್ಲಿಸಿದವನು. ಲೋಹದ ಮೂರ್ತಿಗಳಲ್ಲಿ ಅನೇಕವು ಯುದ್ಧಕಾಲದಲ್ಲಿ ಕರಗಿ ಹೋದವು. ಮಕ್ಕಳು ಮೊಬೈಲ್ ನೋಡುತ್ತಾ ರಸ್ತೆಯಲ್ಲಿ ನಡೆಯುವ ಈ ಕಾಲದಲ್ಲಿ ನಡೆಯುತ್ತಾ ಓದುವುದು ಅಪಾಯದ ಮೇಲ್ಪಂಕ್ತಿಯೆಂದು ಕೆಲವೆಡೆ ಅವನನ್ನು ಕುಳ್ಳಿರಿಸಿಬಿಟ್ಟಿದ್ದಾರಂತೆ. ಇದನ್ನು ಕೇಳಿ ನಾನು ನಕ್ಕೆ.

ಹಿಂತಿರುಗುವ ರೈಲಿನಲ್ಲಿ ಮೊಮ್ಮಗ ಕೇಳಿದ: ‘ಅಜ್ಜಾ, ನಿಮ್ಮ ಸಾಲ್ಯಾಗ ಕಸಾ ಯಾರು ಹೊಡೀತಿದ್ರು?’

‘ತಡಾ ಮಾಡಿ ಬಂದವ್ರು’ ಎಂದೆ.

ಅವನು ಸ್ವಲ್ಪ ಯೋಚಿಸಿ, ‘ಎಲ್ಲಾರೂ ಲಗೂನ ಬಂದ್ರ?’ ಎಂದ.

ಇದಕ್ಕೆ ಉತ್ತರ ಹೇಳಬೇಕಾದರೆ ನಾನು ಹಿಂದಕ್ಕೆ ಹೋಗಬೇಕು. ಮಠದಲ್ಲಿ ನಾವು ವಟುಗಳು ನಸುಕಿನಲ್ಲೆದ್ದು ಅಂಗಳ ಗುಡಿಸುತ್ತಿದ್ದೆವು, ಹಂಡೆಗಳನ್ನು ತಿಕ್ಕುತ್ತಿದ್ದೆವು, ದನದ ಕೊಟ್ಟಿಗೆಯ ಸಗಣಿ ಬಾಚುತ್ತಿದ್ದೆವು. ಹಿರಿಯ ಗುರುಗಳೂ ಕಸಬರಿಗೆ ಹಿಡಿಯುತ್ತಿದ್ದರು. ಆದರೆ ಪಾಯಖಾನೆಯನ್ನು ತೊಳೆಯಲು ಊರ ಹೊರಗಿನ ಕೇರಿಯಿಂದ ಬೇರೆಯವರು ಬರುತ್ತಿದ್ದರು. ಅವರು ಹಿತ್ತಲಿನ ದಾರಿಯಿಂದ ಬಂದು ಹಿತ್ತಲಿನ ದಾರಿಯಿಂದಲೇ ಹೋಗುತ್ತಿದ್ದರು. ಅದು ನಮಗೆ ಒಂದು ವಿಷಯವಾಗಿ ತೋರಿರಲೇ ಇಲ್ಲ.

ಮುಂದೆ ನಾನು ಗದಗ ಸೀಮೆಯ ಒಂದು ಊರಿನ ಮಾಧ್ಯಮಿಕ ಶಾಲೆಯಲ್ಲಿ ಕನ್ನಡ ಮಾಸ್ತರನಾದೆ. ಶಿಸ್ತಿನ ಹೊಣೆ ನನ್ನ ಪಾಲಿಗೆ ಬಂತು. ಬೆತ್ತಕ್ಕಿಂತ ಕಸಬರಿಗೆ ಮೇಲೆಂದು ನಾನು ನಂಬಿದ್ದೆ. ತಡವಾಗಿ ಬಂದವರು ಸಂಜೆ ಶಾಲೆಯ ಪಾಯಖಾನೆ ತೊಳೆಯಬೇಕೆಂದು ನಿಯಮ ಮಾಡಿದ್ದೆ, ಹೊಡೆಯದೆ ಮಕ್ಕಳನ್ನು ತಿದ್ದುತ್ತಿದ್ದೇನೆಂಬ ಅಭಿಮಾನವೂ ಇತ್ತು. 1991ರ ಮಳೆಗಾಲವಿರಬೇಕು. ಏಳನೆಯ ಇಯತ್ತೆಯ ಒಬ್ಬ ಹುಡುಗ ಮೂರು ದಿನ ಸತತವಾಗಿ ತಡ ಮಾಡಿದ. ಎರಡು ದಿನ ತೊಳೆದ. ಮೂರನೆಯ ಸಂಜೆ ಕಸಬರಿಗೆಯನ್ನು ಕೊಡಲು ಹೋದಾಗ ಕೈ ಹಿಂದೆ ಕಟ್ಟಿಕೊಂಡು ನಿಂತ. ‘ಯಾಕೋ?’ ಎಂದೆ. ‘ಮುಂಜಾನಿ ಅವ್ವನ ಜೋಡಿ ಇದನ್ನ ಮಾಡೇ ಬಂದೀನ್ರೀ ಸರ್’ ಎಂದ. ಅವನ ತಾಯಿ ಊರಿನ ಪುರಸಭೆಯಲ್ಲಿ ಕಸ ಬಳಿಯುವ ಕೆಲಸದಲ್ಲಿದ್ದಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಅದನ್ನು ಎದುರುತ್ತರವೆಂದು ಬಗೆದು, ಉಳಿದ ಮಕ್ಕಳ ಮುಂದೆ ಗದರಿದೆ. ಅವನು ತೊಳೆದು ಹೋದ. ಮರುದಿನ ಬರಲಿಲ್ಲ. ವಾರದ ಮೇಲೆ ಅವನ ತಾಯಿ ಗ್ರಂಥಾಲಯದ ಒಂದು ಪುಸ್ತಕವನ್ನು ಹಿಡಿದುಕೊಂಡು ಬಂದು, ಬಾಗಿಲ ಹೊರಗೆ ನಿಂತು, ‘ಒಲ್ಲೆ ಅಂತಾನ್ರಿ’ ಎಂದಷ್ಟೇ ಹೇಳಿ ಪುಸ್ತಕವನ್ನು ಹೊಸ್ತಿಲ ಮೇಲಿಟ್ಟು ಹೋದಳು. ಆ ದಿನ ಬೆಳಿಗ್ಗೆ ನಾನು ಬೋಧಿಸಿದ್ದ ಪಾಠ ಕಾಯಕ ಕುರಿತದ್ದು.

ಮಕ್ಕಳ ಶಿಕ್ಷಣ ಹಕ್ಕಿನ 2009ರ ಕಾಯಿದೆಯ ಹದಿನೇಳನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಜಪಾನಿನಲ್ಲಿ ಹೊಡೆಯಬಾರದೆಂಬ ಶಾಸನ ಮೊದಲು ಬಂದದ್ದು 1879ರಷ್ಟು ಹಿಂದೆ. ಆದರೂ ಅಲ್ಲಿ ಏಟುಗಳು ನಿಂತಿರಲಿಲ್ಲ. 2023ರ ಡಿಸೆಂಬರಿನಲ್ಲಿ ನಮ್ಮ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂದು, ಪ್ರಾಂಶುಪಾಲರ ಬಂಧನವಾಯಿತು. ಮಕ್ಕಳಿಂದ ಶೌಚಾಲಯ ತೊಳೆಯಿಸಕೂಡದೆಂದು ಸರ್ಕಾರ ಎಚ್ಚರಿಸಿತು. ಆ ಆಜ್ಞೆ ಸರಿಯಾದುದೇ. ಜಪಾನಿನಲ್ಲಿ ತೊಳೆಯುತ್ತಾರಲ್ಲ ಎಂದು ಕೆಲವರು ವಾದಿಸುವುದನ್ನು ಕೇಳಿದ್ದೇನೆ, ಹೋಗುವ ಮೊದಲು ನಾನೂ ವಾದಿಸಿದ್ದೆ. ಅಲ್ಲಿ ಯಾರು ತೊಳೆಯಬೇಕೆಂಬುದನ್ನು ಸರದಿಯ ಚೀಟಿ ಹೇಳುತ್ತದೆ. ಆ ಗುಂಡಿಗೆ ಯಾರು ಇಳಿಯಬೇಕೆಂಬುದು ಮಕ್ಕಳು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು. ಗದಗ ಸೀಮೆಯ ನನ್ನ ಶಾಲೆಯಲ್ಲಿ ನಾನು ಒಮ್ಮೆಯೂ ಬ್ರಷ್ಷು ಹಿಡಿದಿರಲಿಲ್ಲ.

ಮೊಮ್ಮಗನಿಗೆ ರೈಲಿನಲ್ಲಿ ಇಷ್ಟೆಲ್ಲ ಹೇಳಲಿಲ್ಲ. ಒಬ್ಬ ಹುಡುಗ ಇದ್ದ, ನನ್ನಿಂದ ಅವನ ಶಾಲೆ ತಪ್ಪಿತು ಎಂದಷ್ಟು ಹೇಳಿದೆ. ‘ಈಗ ಎಲ್ಲಿದಾನು?’ ಎಂದ. ಗೊತ್ತಿಲ್ಲವೆಂದೆ. ಊರಿಗೆ ಮರಳಿದ ಮೇಲೆ ಆ ಕೇರಿಗೆ ಹೋಗಿ ವಿಚಾರಿಸಿದೆ. ಮನೆಯವರು ಎಷ್ಟೋ ವರ್ಷಗಳ ಹಿಂದೆಯೇ ಗೋವೆಯ ಕಡೆಗೆ ದುಡಿಯಲು ಹೋದರೆಂದು ಒಬ್ಬ ಮುದುಕಿ ಹೇಳಿದಳು.

ಒಸಾಕಾದಿಂದ ಹೊರಡುವ ಹಿಂದಿನ ವಾರ ಶಾಲೆಗೆ ಹೊಸ ಒರಸುವ ಅರಿವೆ ಒಯ್ಯಬೇಕಾಗಿತ್ತು. ಹಳೆಯದು ಹರಿದಿತ್ತು. ಅಂಗಡಿಯಲ್ಲಿ ಹೊಲಿದದ್ದೇ ಸಿಗುತ್ತದೆ, ಆದರೂ ಮಗಳು ನನ್ನ ಪೆಟ್ಟಿಗೆಯಿಂದ ತೊಳೆದು ತೊಳೆದು ಮೆತ್ತಗಾದ ಹತ್ತಿಯ ವಲ್ಲಿಯನ್ನು ತೆಗೆದು, ‘ಅಪ್ಪಾ, ಇದನ್ನ ಹರೀಲೇನ್ರಿ? ಹೊಸ ಅರಿವಿ ಇದರಂಗ ನೀರು ಹೀರೂದಿಲ್ರಿ’ ಎಂದಳು. ಹೆಗಲ ಮೇಲೆ ಹಾಕಿಕೊಂಡು ಹತ್ತಾರು ಸಭೆಗಳಲ್ಲಿ ನಾನು ಭಾಷಣ ಮಾಡಿದ ವಲ್ಲಿ. ಹರಿಯೆಂದೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಅಡ್ಡಡ್ಡ ಹೊಲಿಗೆ ಹಾಕಿದಳು. ಮೊಮ್ಮಗ ಮೂಲೆಯಲ್ಲಿ ಕಪ್ಪು ಮಸಿಯಿಂದ ತನ್ನ ಹೆಸರನ್ನೂ ತರಗತಿಯನ್ನೂ ಆ ದೇಶದ ಲಿಪಿಯಲ್ಲಿ ಬರೆದು, ಆರಲೆಂದು ಬಾಯಿಂದ ಊದಿ, ಚೀಲದೊಳಗೆ ಇಟ್ಟುಕೊಂಡ. ಆ ವಾರ ಮತ್ತೆ ಅವನ ಗುಂಪಿಗೆ ಶೌಚಾಲಯದ ಸರದಿಯಿತ್ತು.